ಹೆಣ ಎತ್ತುವ ತನಕ

"ಮಾತಾಡಿ ಸಾರ್, ಏನಾದ್ರೂ ಮಾತಾಡ್ತಾ ಇರಿ. ನೀವು ಸುಮ್ನಾದ್ರೆ ನಾನು ಮಲಗ್ಬಿಡ್ತೀನಿ."

ಬಾಲರಾಜ್ ಕಣ್ಣು ತೆರೆದ. ರಾತ್ರಿ ಪಾಳಿ ಮುಗಿಸಿದವನನ್ನು ಮನೆಗೆ ಒಯ್ಯುತ್ತಿದ್ದ ಕಾರು ಹೆಬ್ಬಾಳದ ಮೇಲ್ಸೇತುವೆಯಿಂದ ಇಳಿಯುತ್ತಿತ್ತು. ಕಂಪನಿಯ ಕ್ಯಾಬ್ ಓಡಿಸುವ ಅತಾವುಲ್ಲಾ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ.

"ಏನ್ ಮಾತಾಡೋದು?"

"ಏನಾದ್ರೂ. ಬೈಯಿರಿ ಬೇಕಾದ್ರೆ. ನಿನ್ನೆ ಮಧ್ಯಾಹ್ನ ಕೂತಿದ್ದು ಸಾರ್ ಈ ಸೀಟ್ ಮೇಲೆ. ಇನ್ನೂ ಎದ್ದಿಲ್ಲ."

"ನಿದ್ದೆ ಇಲ್ದೆ ಯಾಕೆ ಗಾಡಿ ಓಡಿಸ್ತೀಯಾ?"

"ನೀವ್ಯಾಕೆ ಡ್ಯೂಟಿಗೆ ಹೋಗ್ತೀರಾ?"

ಬಾಲರಾಜ್ ಕಪ್ಪೆಯ ಹೃದಯದ ಬಗ್ಗೆ ಹೇಳತೊಡಗಿದ. ಹಿಂದೆ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಾಗ ಬಾಯಿಪಾಠವಾದದ್ದು. ಕಾಲೇಜು ಮುಚ್ಚಿತು, ಪಾಠ ಉಳಿಯಿತು. ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ. ಹೊರಗೆ ತೆಗೆದಿಟ್ಟರೂ ಸ್ವಲ್ಪ ಹೊತ್ತು ತಾನಾಗಿ ಬಡಿದುಕೊಳ್ಳುತ್ತದೆ. ಕಪ್ಪೆ ಸತ್ತ ಸುದ್ದಿ ಅದಕ್ಕೆ ಇನ್ನೂ ತಲುಪಿರುವುದಿಲ್ಲ.

"ನಮ್ ಥರಾನೇ," ಎಂದ ಅತಾವುಲ್ಲಾ. ನಗಲಿಲ್ಲ. "ಮುಂದೆ ಹೇಳಿ ಸಾರ್."

ಮುಂದೆ ಹೇಳಲು ಬಾಲರಾಜನಿಗೆ ಏನೂ ನೆನಪಾಗಲಿಲ್ಲ. ಅದನ್ನೇ ಮತ್ತೆ ಮೊದಲಿನಿಂದ ಹೇಳಿದ. ಅತಾವುಲ್ಲಾ ಅದನ್ನು ಹೊಸದೆಂಬಂತೆ ಕೇಳಿದ.

ಬಾಲರಾಜನ ಕೆಲಸವೂ ನಿದ್ದೆಗೆಟ್ಟು ಕಾಯುವುದೇ. ಹೆಬ್ಬಾಳದ ಕೆರೆಗೆ ಬೆನ್ನು ಹಾಕಿ ನಿಂತ ಗಾಜಿನ ಕಟ್ಟಡದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಯ ತುಂಬ ಪರದೆಗಳು. ಪರದೆಗಳ ಮೇಲೆ ದೂರದೂರದ ಊರುಗಳ ಆಸ್ಪತ್ರೆಗಳ ಐಸಿಯು ಹಾಸಿಗೆಗಳು, ಚಾವಣಿಯ ಕ್ಯಾಮೆರಾಕ್ಕೆ ಕಂಡಷ್ಟು ರೋಗಿಗಳು. ಒಂದೊಂದು ಹಾಸಿಗೆಯ ಪಕ್ಕದಲ್ಲೂ ಹಸಿರು ಅಂಕಿ. ಅಂಕಿ ಕೆಂಪಾಗಿ ಸದ್ದು ಮಾಡಿದರೆ ಅಲ್ಲಿಯ ನರ್ಸಿಗೆ ಫೋನ್ ಮಾಡಬೇಕು. ಅಷ್ಟೇ ಕೆಲಸ. ಔಷಧಿ ಕೊಟ್ಟು ಮಲಗಿಸಿದವರು ರಾತ್ರಿಯೆಲ್ಲ ಮಲಗಿರುತ್ತಾರೆ. ಅವರು ಮಲಗಿರುವುದನ್ನು ಇವನು ರಾತ್ರಿಯೆಲ್ಲ ನೋಡುತ್ತಾನೆ. ಹಸಿದವನನ್ನು ಮದುವೆಮನೆಯ ಊಟದ ಪಂಕ್ತಿಗೆ ಕಾವಲು ಹಾಕಿದಂತೆ.

ಮೊದಲು ಇಬ್ಬರಿದ್ದರು. ಯಶವಂತ್ ಎಂಬುವನು ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಅವನ ಪರದೆಗಳನ್ನು ಇವನ ಕಡೆಗೆ ತಿರುಗಿಸಿದರು. ವಾರದ ರಜೆಯನ್ನು ಮುಂದಿನ ವಾರಕ್ಕೆ ಹಾಕಿದರು, ಮುಂದಿನ ವಾರದ್ದನ್ನು ಅದರ ಮುಂದಿನ ವಾರಕ್ಕೆ. ನಡುವೆ ಕಂಪನಿಯಲ್ಲಿ ಆರೋಗ್ಯ ದಿನ ಬಂತು. ಎಂ.ಎಸ್ಸಿ. ಓದಿದವನು ಇವನೊಬ್ಬನೇ ಎಂದು ಇವನಿಂದಲೇ ನಿದ್ದೆಯ ಮೇಲೆ ಭಾಷಣ ಮಾಡಿಸಿದರು. ದೇಹ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದು ನಿದ್ದೆಯಲ್ಲಿ, ಎಂದ. ನಿದ್ದೆಗೆಟ್ಟವನ ಮಿದುಳು ಕುಡಿದವನ ಮಿದುಳಿಗಿಂತ ಭಿನ್ನವಲ್ಲ, ಎಂದ. ಚಪ್ಪಾಳೆ ತಟ್ಟಿ ಒಂದು ಕಾಫಿ ಮಗ್ ಕೊಟ್ಟರು. ಅದರ ಮೇಲೆ ಮಲಗಿದ ಬೆಕ್ಕಿನ ಚಿತ್ರವಿತ್ತು. ರಾತ್ರಿ ನಿದ್ದೆ ಬಾರದಿರಲಿ ಎಂದು ಅವನು ಕಾಫಿ ಕುಡಿಯುವುದು ಅದರಲ್ಲೇ.

ಇವತ್ತು ಬೆಳಗಿನ ಜಾವ ಆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ನಾಲ್ಕನೇ ಹಾಸಿಗೆ ಸದ್ದು ಮಾಡಿತು. ಕೈ ತಾನಾಗಿ ಹೋಗಿ ಸದ್ದನ್ನು ನಿಲ್ಲಿಸಿತು. ಫೋನ್ ಎತ್ತಬೇಕು ಎಂದುಕೊಂಡ. ಎತ್ತಿದೆ ಎಂದೂ ಅನಿಸಿತು. ನರ್ಸಿನ ದನಿ ಕೇಳಿದ ಹಾಗೂ ಆಯಿತು. ಕಣ್ಣು ಬಿಟ್ಟಾಗ ಫೋನ್ ಇದ್ದಲ್ಲೇ ಇತ್ತು. ಪರದೆಯ ಮೇಲೆ ನಾಲ್ಕನೇ ಹಾಸಿಗೆ ಖಾಲಿಯಿತ್ತು. ಆಯಾ ಒಬ್ಬಳು ಹೊಸ ಬೆಡ್‌ಶೀಟು ಹಾಸಿ ಸುಕ್ಕು ತೆಗೆಯುತ್ತಿದ್ದಳು.

ಅಲ್ಲಿದ್ದ ಮುದುಕನನ್ನು ವಾರ್ಡಿಗೆ ಕಳಿಸಿರಬಹುದು. ಕಳಿಸದೆಯೂ ಇರಬಹುದು. ಕೇಳಬೇಕಿತ್ತು. ಕೇಳುವಷ್ಟರಲ್ಲಿ ಶಿಫ್ಟು ಮುಗಿಯಿತು. ಇನ್ನೂ ಸರಿಯಾಗಿ ಹೇಳುವುದಾದರೆ, ಶಿಫ್ಟು ಮುಗಿಯುವ ತನಕ ಅವನು ಕೇಳಲಿಲ್ಲ.

ಇವತ್ತು ಮಲಗಬೇಕು. ಸಂಜೆ ಕ್ಯಾಬ್ ಬರುವ ತನಕ ಸತ್ತ ಹಾಗೆ ಮಲಗಿ ಏಳಬೇಕು. ಇಲ್ಲದಿದ್ದರೆ ರಾತ್ರಿ ಇನ್ನೊಂದು ಹಾಸಿಗೆ ಖಾಲಿಯಾಗುತ್ತದೆ. ಇದರಲ್ಲಿ ಅನುಮಾನವೇ ಇಲ್ಲ. ಇದನ್ನು ಚಿತ್ರ ಬರೆದು ಪಾಠ ಮಾಡಿದವನು ತಾನೇ.

ಕೋಗಿಲುವಿನಲ್ಲಿ ಅವನ ಬೀದಿಯ ಬಾಯಿಗೆ ಶಾಮಿಯಾನ ಕಟ್ಟುತ್ತಿದ್ದರು. ಕಾರು ಒಳಗೆ ಹೋಗಲಿಲ್ಲ.

"ಏನ್ ಸಾರ್, ಫಂಕ್ಷನ್ನಾ?"

ಬಾಲರಾಜ್ ಇಳಿದ. ಅವನ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ದೊಡ್ಡಪ್ಪನ ಮನೆಯ ಮುಂದೆ ಸೌದೆಯ ಕೊರಡೊಂದು ಹೊಗೆಯಾಡುತ್ತಿತ್ತು. ದೊಡ್ಡಪ್ಪನ ಮಗ ಆವಲಪ್ಪ ಬರಿ ಮೈಯಲ್ಲಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ. ಅರವತ್ತು ದಾಟಿದ ಆಳು, ಮಂಡಿ ನೋವು, ದೊಡ್ಡ ಗಂಟಲು.

"ಬಂದ್ಯಾ? ಅವ್ವ ಓಗ್ಬುಟ್ಳು ಕಣ್ಲಾ. ಬೆಳಕರಿಯೋಕ್ ಮುಂಚೆ. ಮಲಗಿದ್ದೋಳು ಏಳ್ನೇ ಇಲ್ಲ."

ದೊಡ್ಡಮುನಿಯಮ್ಮ. ಬಾಲರಾಜನ ದೊಡ್ಡಮ್ಮ. ಇವನು ರಾತ್ರಿ ಪಾಳಿಗೆ ಸೇರಿದಂದಿನಿಂದ ಬೆಳಗಿನ ಹೊತ್ತು ಇವನ ಕಿಟಕಿಯ ಕೆಳಗೆ ಕೋಲು ಹಿಡಿದು ಕೂರುತ್ತಿದ್ದವಳು. ಸೊಪ್ಪಿನ ಗಾಡಿಯವನು ಕೂಗಿದರೆ, ಮಕ್ಕಳು ಚೆಂಡು ಹೊಡೆದರೆ, ಕೋಲು ಬೀಸಿ "ಶ್, ನಮ್ ಬಾಲ ಮನಿಕ್ಕಂಡವ್ನೆ, ಅತ್ಲಾಗ್ ಓಗ್ರಲಾ" ಎನ್ನುವಳು. ಅವಳ ಆ ಕೂಗಿಗೇ ಇವನಿಗೆ ಎಷ್ಟೋ ಸಲ ಎಚ್ಚರವಾಗುತ್ತಿತ್ತು. ಆದರೂ ಈ ಊರಿನಲ್ಲಿ ಇವನ ನಿದ್ದೆ ಒಂದು ವಸ್ತು, ಅದನ್ನು ಕಾಯಬೇಕು ಎಂದುಕೊಂಡಿದ್ದವಳು ಅವಳೊಬ್ಬಳೇ.

ಇವತ್ತೇ ಆಗಬೇಕಿತ್ತೆ ಎಂದುಕೊಂಡ ಬಾಲರಾಜ್. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗಲಿ ಎಂದು ಸ್ವಲ್ಪ ಹೊತ್ತು ಕಾದ. ಆಗಲಿಲ್ಲ.

"ಮಣ್ಣು ಯಾವಾಗ?"

"ತಂಗಿ ಗೌರಿಬಿದನೂರಿಂದ ಬರ್ಬೇಕು. ಏರ್ ಶೋ ತಾಲೀಮು ಅಂತ ಯಲಹಂಕದ್ ತಾವ ರೋಡೆಲ್ಲಾ ಕಟ್ಟಾಕವ್ರಂತೆ. ಸಂಜೆ ಆಯ್ತದೆ."

"ಸಂಜೇನಾ?"

"ಯಾಕ್ಲಾ, ನಿಂಗೇನ್ ಅರ್ಜೆಂಟು?" ಆವಲಪ್ಪ ಅವನ ಕಣ್ಣುಗಳನ್ನು ನೋಡಿ ದನಿ ಇಳಿಸಿದ. "ಅಳ್ಬೇಡ. ಕಣ್ಣೆಲ್ಲಾ ಕೆಂಪ್ ಮಾಡ್ಕಂಡಿದ್ದೀಯ. ದೊಡ್ ಜೀವ, ನರಳ್ದೆ ಓಯ್ತು."

ಕಣ್ಣು ಕೆಂಪಾಗಿದ್ದು ರಾತ್ರಿಯೆಲ್ಲ ಪರದೆ ನೋಡಿ. ಬಾಲರಾಜ್ ತಲೆಯಾಡಿಸಿ ಒಳಗೆ ಹೋದ.

ಒಳಗೆ ದೊಡ್ಡಮುನಿಯಮ್ಮನನ್ನು ಬಾಡಿಗೆಯ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗಾಜಿನ ಮುಚ್ಚಳ. ಸುತ್ತ ಹೆಂಗಸರು. ಬಾಲರಾಜ್ ಕೈ ಮುಗಿದ. ಅವನ ಕಣ್ಣು ಅಭ್ಯಾಸಬಲದಿಂದ ಅವಳ ತಲೆಯ ಬಲಗಡೆ ಅಂಕಿಯನ್ನು ಹುಡುಕಿತು.

ತನ್ನ ಮನೆಗೆ ಹೋಗಿ, ಶೂ ಕಳಚಿ, ಕಿಟಕಿ ಹಾಕಿ, ಹಾಸಿಗೆಯ ಮೇಲೆ ಬಿದ್ದುಕೊಂಡ. ನಿದ್ದೆ ಬಂದದ್ದು ಗೊತ್ತಾಗಲಿಲ್ಲ. ಹೋದದ್ದು ಗೊತ್ತಾಯಿತು.

"ಏಳ್ರೀ. ಏಳ್ರೀ ಅಂದೆ."

ಹೆಂಡತಿ ಕಲಾವತಿ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ಪಕ್ಕದ ಬೀದಿಯವರು ಫ್ಲಾಸ್ಕಿನಲ್ಲಿ ಕಳಿಸಿದ ಕಾಫಿ. ಹೆಣ ಹೋಗುವ ತನಕ ಈ ಎರಡೂ ಮನೆಗಳಲ್ಲಿ ಒಲೆ ಹಚ್ಚುವಂತಿಲ್ಲ.

"ಮಲಗ್ತೀರಾ? ಬುದ್ಧಿ ಇದೆಯಾ ನಿಮಗೆ?"

"ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ಕಣೇ."

"ಅವರ್ಯಾರೂ ಮುಚ್ಚಿಲ್ಲ. ಹೆಣ ಎತ್ತೋ ತನಕ ದಾಯಾದಿ ಮಲಗಬಾರ್ದು. ಮಲಗಿದ್ರೆ ಅದೇ ಮನೇಲಿ ಇನ್ನೊಂದು ಹೆಣ ಬೀಳುತ್ತೆ. ನಿಮ್ಮ ಮನೆತನದ್ದೇ ಮಾತಿದು. ನನಗೆ ಹೇಳ್ಕೊಟ್ಟಿದ್ದೇ ನಿಮ್ಮಮ್ಮ."

ಬಾಲರಾಜ್ ಚಾವಣಿ ನೋಡುತ್ತ ಮಲಗಿಯೇ ಇದ್ದ. ಕಂಪನಿಯ ನಿಯಮವೂ ಅದೇ: ನೀನು ಮಲಗಿದರೆ ಒಬ್ಬ ಸಾಯುತ್ತಾನೆ. ಅಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ.

"ನಾನೀಗ ಮಲಗದಿದ್ರೆ ರಾತ್ರಿ ಅಲ್ಲಿ ಯಾರೋ ಸಾಯ್ತಾರೆ."

"ಅಲ್ಲಿ ಸಾಯೋರು ನಮ್ಮೋರಾ?" ಎಂದಳು ಕಲಾವತಿ. ಅಂದ ಮೇಲೆ ಅವಳಿಗೇ ಹೇಗೋ ಆಗಿರಬೇಕು. ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನಿಮಗೇನ್ರೀ, ಸಂಜೆ ಗಾಡಿ ಹತ್ತಿ ಹೋಗ್ಬಿಡ್ತೀರಾ. ಇಲ್ಲಿರೋಳು ನಾನು. ನಾಳೆ ಈ ಬೀದೀಲಿ ಯಾರಿಗೆ ಜ್ವರ ಬಂದ್ರೂ, 'ಅವತ್ತು ಅವಳ ಗಂಡ ಮಲಗಿದ್ದ' ಅಂತಾರೆ. ಹತ್ತು ವರ್ಷ ಅಂತಾರೆ. ಕೂತ್ಕೊಳ್ಳಿ ಸಾಕು. ಸುಮ್ನೆ ಹೋಗಿ ಕೂತ್ಕೊಳ್ಳಿ."

"ಬಾಗಿಲು ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?"

"ನೀವು ಗೊರಕೆ ಹೊಡೀತೀರಾ. ಒಂದೇ ಗೋಡೆ."

ಅವನು ಎದ್ದ. ಕಾಫಿ ಕುಡಿದ. ಅದರಲ್ಲಿ ಯಾರದೋ ಮನೆಯ ಏಲಕ್ಕಿ ವಾಸನೆ.

ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗಂಡಸರು ಕೂತು ಲೇಔಟಿನ ವಿಷಯ, ನೀರಿನ ವಿಷಯ ಮಾತಾಡುತ್ತಿದ್ದರು. ಬಾಲರಾಜನಿಗೆ ಒಂದು ಕುರ್ಚಿ ಬಿಟ್ಟುಕೊಟ್ಟರು. ಅವನು ಕೂತು, ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಗಳು ಮಾಡುತ್ತಿದ್ದಂತೆ ಕಣ್ಣು ತೆರೆದೇ ಮಲಗಲು ಪ್ರಯತ್ನಿಸಿದ. ಆಗ ವಿಮಾನ ಬಂತು.

ಆಕಾಶವನ್ನು ಬಟ್ಟೆಯ ಹಾಗೆ ಹರಿದುಕೊಂಡು ಒಂದು ಯುದ್ಧವಿಮಾನ ಶಾಮಿಯಾನದ ಮೇಲೆಯೇ ಹೋಯಿತು. ಅದರ ಹಿಂದೆ ಇನ್ನೆರಡು. ಒಳಗೆ ಎದೆ ಬಡಿದುಕೊಂಡು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಕೆಲವರು ಹೊರಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಮನೆಗಳ ತಾರಸಿಯ ಮೇಲೆಲ್ಲ ಜನ. ಎಲ್ಲರ ಕೈಯಲ್ಲೂ ಮೊಬೈಲು. ವಿಮಾನಗಳು ಉಲ್ಟಾ ಹೊರಳಿ ಹೊಗೆ ಬಿಟ್ಟು ಹೋದವು.

"ಪುಣ್ಯವಂತೆ ಬಿಡು ಮುದ್ಕಿ," ಎಂದ ಪಕ್ಕದ ಕುರ್ಚಿಯವನು. "ಮಿನಿಸ್ಟ್ರು ಸತ್ರೂ ಇಂಗೆ ಗೌರವ ಮಾಡಾಕಿಲ್ಲ."

ಎಲ್ಲರೂ ನಕ್ಕರು. ಆವಲಪ್ಪನೂ ನಕ್ಕು, ನೆನಪಾಗಿ, ಟವೆಲಿನಿಂದ ಮುಖ ಒರೆಸಿಕೊಂಡ. ಹೆಂಗಸರು ಒಳಗೆ ಹೋಗಿ ಅಳುವನ್ನು ನಿಲ್ಲಿಸಿದ ಜಾಗದಿಂದ ಮತ್ತೆ ಎತ್ತಿಕೊಂಡರು.

ಬಾಲರಾಜ್ ಎದ್ದು ಬೀದಿಯ ಕೊನೆಗೆ ಹೋಗಿ ಗೌತಮಿಗೆ ಫೋನ್ ಮಾಡಿದ. ಅವನ ಮೇಲಿನ ಅಧಿಕಾರಿ. ಅವನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗಿ. ಎಂದೂ ಸಿಟ್ಟು ಮಾಡಿಕೊಳ್ಳದವಳು.

"ಹೇಳಿ ಸಾರ್. ಮಲಗಿಲ್ವಾ?"

"ಗೌತಮಿ, ಇವತ್ತು ರಾತ್ರಿ ರಜೆ ಬೇಕಿತ್ತು. ಮನೇಲಿ ಸಾವಾಗಿದೆ."

"ಅಯ್ಯೋ. ಯಾರು ಸಾರ್? ಅಪ್ಪ? ಅಮ್ಮ?"

"ದೊಡ್ಡಮ್ಮ."

ಆ ಕಡೆ ಕೀಲಿಗಳ ಟಕಟಕ ಕೇಳಿಸಿತು.

"ಸಾರ್, ಪಾಲಿಸೀಲಿ ದೊಡ್ಡಮ್ಮ ಇಲ್ಲ. ಅಪ್ಪ, ಅಮ್ಮ, ಸ್ಪೌಸ್, ಮಕ್ಕಳು ಅಷ್ಟೇ. ಅತ್ತೆ ಮಾವ ಕೂಡ ಈ ವರ್ಷದಿಂದ ಸೇರಿಸಿದ್ದು."

"ನಮ್ಮಲ್ಲಿ ದೊಡ್ಡಮ್ಮ ಅಂದ್ರೆ ಅಮ್ಮನೇ."

"ಗೊತ್ತು ಸಾರ್. ನಾನ್ ಅರ್ಥ ಮಾಡ್ಕೋತೀನಿ, ಸಿಸ್ಟಮ್ ಮಾಡ್ಕೊಳ್ಳಲ್ಲ. ಮತ್ತೆ ಇವತ್ತು ಫ್ಲೋರಲ್ಲಿ ನೀವೊಬ್ರೇ. ಹೊಸ ಆಸ್ಪತ್ರೆ ಒಂದು ಸೇರ್ತಿದೆ. ನೀವು ಬರ್ಲಿಲ್ಲ ಅಂದ್ರೆ ಯಾರ್ ನೋಡ್ತಾರೆ ಹೇಳಿ?"

"ನನಗೆ ನಿದ್ದೆ ಆಗಿಲ್ಲ, ಗೌತಮಿ."

"ಈಗ ಮಲಗಿ ಸಾರ್. ಇಡೀ ದಿನ ಇದೆ. ನೀವೇ ಹೇಳಿದ್ರಲ್ಲ ಅವತ್ತು, ಚಿಕ್ಕ ಚಿಕ್ಕ ನಿದ್ದೆನೂ ಸಹಾಯ ಮಾಡುತ್ತೆ ಅಂತ."

ಹೇಳಿದ್ದ. ಚಪ್ಪಾಳೆಯೂ ಬಿದ್ದಿತ್ತು.

"ಇನ್ನೊಂದು ವಿಷಯ," ಎಂದ. "ಬೆಳಿಗ್ಗೆ ನಾಲ್ಕನೇ ಬೆಡ್ ಖಾಲಿ ಆಗಿತ್ತಲ್ಲ. ಅವರು ಏನಾದ್ರು?"

"ಯಾವ ಆಸ್ಪತ್ರೆ ಸಾರ್?"

ಹೇಳಿದ. ಆ ಕಡೆ ಮತ್ತೆ ಕೀಲಿಗಳ ಟಕಟಕ. ಅವಳು ಹುಡುಕುತ್ತಿದ್ದಾಳೋ, ಉತ್ತರವನ್ನು ಜೋಡಿಸುತ್ತಿದ್ದಾಳೋ ತಿಳಿಯಲಿಲ್ಲ.

"ನೋಡಿ ಹೇಳ್ತೀನಿ ಸಾರ್. ಯಾಕೆ, ಏನಾದ್ರೂ ಆಯ್ತಾ?"

"ಇಲ್ಲ. ಸುಮ್ನೆ ಕೇಳ್ದೆ."

"ಓಕೆ ಸಾರ್. ಮಲಗಿ."

ಅವನು ಮಲಗಲು ಜಾಗ ಹುಡುಕಿದ. ಮನೆಯ ತಾರಸಿಯ ನೀರಿನ ಟ್ಯಾಂಕಿನ ನೆರಳಿಗೆ ಹೋದ; ಅಲ್ಲಿ ಬೀದಿಯ ಹುಡುಗಿಯರು ವಿಮಾನ ನೋಡಲು ಚಾಪೆ ಹಾಕಿ ಕೂತಿದ್ದರು, ಇವನನ್ನು ಕಂಡು ಮುಖ ಗಂಭೀರ ಮಾಡಿಕೊಂಡರು. ನೆಂಟರೊಬ್ಬರ ಕಾರಿನ ಹಿಂದಿನ ಸೀಟಿಗೆ ಹೋದ; ಬಾಗಿಲು ತೆರೆಯುವಷ್ಟರಲ್ಲಿ ಆವಲಪ್ಪ ಬಿದಿರು ತರಿಸುವುದಕ್ಕೆ ಅದೇ ಕಾರು ಬೇಕೆಂದ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಮಣೆಯ ಮೇಲೆ ಕೂತು ಗೋಡೆಗೆ ಒರಗಿದ. ಗಂಟೆಗಟ್ಟಲೆ ಮಲಗಿದೆ ಎನಿಸಿತು. ಯಾರೋ ಬಾಗಿಲು ಬಡಿದರು. ಸತ್ತ ಮನೆಗೆ ಬಂದವರೆಲ್ಲ ಮುಖ ತೊಳೆಯುವುದು ಇವನ ಬಚ್ಚಲಲ್ಲೇ.

"ಒಳಗ್ಯಾರು? ಬೇಗ ಬನ್ನಿ, ಮಗುಗೆ ಅರ್ಜೆಂಟು."

ಅವನಿಗೆ ಅಳು ಬಂತು. ದೊಡ್ಡಮ್ಮನಿಗಲ್ಲ. ನಾಲ್ಕನೇ ಹಾಸಿಗೆಯ ಮುದುಕನಿಗೂ ಅಲ್ಲ. ಅದು ಬರೀ ಒಂದು ಅಳು. ಸುಸ್ತಾದ ಕೂಸಿನ ಅಳು. ಅದೂ ಹೊರಬೀಳುವ ಮೊದಲೇ ಆಕಳಿಕೆಯಾಗಿ ಹೋಯಿತು.

ಮಧ್ಯಾಹ್ನ ಕಳೆದು ದೊಡ್ಡಮುನಿಯಮ್ಮನ ಮಗಳು ಗೌರಿಬಿದನೂರಿನಿಂದ ಬಂದಳು. ಬೀದಿಯ ಕೊನೆಯಿಂದಲೇ ಕೂಗುತ್ತ ಓಡಿ ಬಂದು ಪೆಟ್ಟಿಗೆಯ ಮೇಲೆ ಬಿದ್ದಳು. ಮನೆಯವರೆಲ್ಲ ಒಳಗೆ ಬರಬೇಕು, ಹತ್ತಿರ ಕೂರಬೇಕು ಎಂದರು ಹಿರಿಯರು. ಬಾಲರಾಜನನ್ನೂ ತಳ್ಳಿ ಪೆಟ್ಟಿಗೆಯ ತಲೆಯ ಹತ್ತಿರ ಕೂರಿಸಿದರು.

ಅಲ್ಲಿ ಬಿಸಿಯಿರಲಿಲ್ಲ. ಫ್ರೀಜರ್ ಒಂದೇ ಸಮನೆ ಮೆಲ್ಲಗೆ ಗುಂಯ್ ಎನ್ನುತ್ತಿತ್ತು. ಗಾಜಿನ ಅಂಚಿನಿಂದ ತಂಪು ಬಂದು ಕೆನ್ನೆಗೆ ತಾಗುತ್ತಿತ್ತು. ಸುತ್ತಲಿನ ಅಳು ಏರಿ ಇಳಿದು ಏರಿ ಇಳಿದು ದೂರದ ಮಳೆಯ ಹಾಗಾಯಿತು. ಕೆಳಗೆ ದೊಡ್ಡಮುನಿಯಮ್ಮ ಬಾಯಿ ಕಟ್ಟಿಸಿಕೊಂಡು, ಹಣೆಯ ಮೇಲೆ ಕಾಸು ಇಡಿಸಿಕೊಂಡು, ಯಾರ ಗಲಾಟೆಗೂ ಎಚ್ಚರವಾಗದೆ ಮಲಗಿದ್ದಳು. ಅವಳನ್ನು ನೋಡುತ್ತಿದ್ದ ಬಾಲರಾಜನಿಗೆ ಹೊಟ್ಟೆಕಿಚ್ಚಾಯಿತು. ಇದು ಹೊಟ್ಟೆಕಿಚ್ಚು ಎಂದು ಗುರುತಿಸುವಷ್ಟು ಎಚ್ಚರ ಇನ್ನೂ ಇತ್ತು. ಅನಂತರ ಅದೂ ಇರಲಿಲ್ಲ. ಅವನ ಹಣೆ ಗಾಜಿಗೆ ತಾಗಿತು.

"ಏಳಪ್ಪಾ ಬಾಲ. ಏಳು ಮಗಾ. ಸಾಕು."

ಯಾರೋ ಅಜ್ಜಿ ಅವನ ತಲೆ ಸವರುತ್ತಿದ್ದಳು. ಅವನು ತಲೆಯೆತ್ತಿದ. ಗಾಜಿನ ಮೇಲೆ ಅವನ ಬಾಯಿಯಿಂದ ಸುರಿದ ಜೊಲ್ಲು ಒಂದು ಸಣ್ಣ ಹೊಂಡವಾಗಿತ್ತು. ಅಜ್ಜಿ ಸೆರಗಿನಿಂದ ಅದನ್ನು ಒರೆಸಿದಳು.

"ನೋಡ್ರವ್ವಾ, ಎಂಗ್ ಕಣ್ಣೀರ್ ಅರಿಸವ್ನೆ. ಎತ್ತ ಮಕ್ಳೂ ಇಂಗ್ ಅಳಾಕಿಲ್ಲ. ಉಸ್ರೇ ಇಲ್ದಂಗೆ ಬಿದ್ದಿದ್ನಲ್ಲಾ ಮಗ."

"ಅವ್ಳೂ ಅಷ್ಟೇ ಮಾಡ್ತಿದ್ಳಲ್ಲ ಇವನ್ಗೆ. ದಿನಾ ಕಿಟ್ಕಿ ತಾವ ಕಾಯ್ತಿದ್ಳು."

ಕಲಾವತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಗೊತ್ತಿತ್ತು. ಅವನ ಕಣ್ಣನ್ನು ನೋಡಿ, ಏನೂ ಗೊತ್ತಿಲ್ಲದವಳ ಹಾಗೆ ತಲೆ ತಗ್ಗಿಸಿದಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು. ಹತ್ತು ವರ್ಷ ಹೇಳಿಕೊಳ್ಳಲು ಬೇರೆಯದೇ ಮಾತು ಅವಳಿಗೆ ಸಿಕ್ಕಿತ್ತು.

ನಾನು ಅಳಲಿಲ್ಲ, ಮಲಗಿದ್ದೆ ಎನ್ನಬೇಕು ಎನಿಸಿತು ಬಾಲರಾಜನಿಗೆ. ಬಾಯಿ ತೆರೆದ. ಸುತ್ತಲಿನ ಮುಖಗಳೆಲ್ಲ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದವು. ಬಾಯಿ ಮುಚ್ಚಿದ.

ಆವಲಪ್ಪ ಅವನನ್ನು ಪಕ್ಕಕ್ಕೆ ಕರೆದ. ಅವನ ದೊಡ್ಡ ಗಂಟಲು ಈಗ ಒಡೆದಿತ್ತು.

"ನೋಡ್ಲಾ, ಗುಂಡಿಗೆ ನಾನ್ ಇಳೀಬೇಕು, ಮಗ ನಾನು. ಆದ್ರೆ ಈ ಮಂಡಿ ಇಟ್ಕಂಡು ಇಳಿದ್ರೆ ಮೇಲ್ ಬರಾಕಾಗಲ್ಲ. ಯಾರ್ನ ಇಳ್ಸೋದು ಅಂತ ಬೆಳಗ್ಗಿಂದ ತಲೆ ಕೆಟ್ಟೋಗಿತ್ತು. ನೀನೇ ಇಳ್ಕಂಡ್ ಅವ್ವನ್ನ ಇಸ್ಕೊ. ಅವ್ಳ್ಗೂ ಸಮಾಧಾನ ಆಯ್ತದೆ."

"ನನಗೆ ಗಾಡಿ ಬರುತ್ತೆ, ಅಣ್ಣ."

"ಬರ್ಲಿ ಬಿಡು. ಗಾಡಿ ಕಾಯ್ತದೆ, ಎಣ ಕಾಯಾಕಿಲ್ಲ."

ಬೆಳಗಿನಿಂದ ಕಾದದ್ದು ಹೆಣವೇ ಎಂದು ಹೇಳಬಹುದಿತ್ತು.

ತಮಟೆಯವರು ಮುಂದೆ, ಪಟಾಕಿ ಹಚ್ಚುವವರು ಅವರ ಹಿಂದೆ. ಹೆಣ ಎದ್ದಿತು. ಇನ್ನು ಮಲಗಲು ಶಾಸ್ತ್ರದ ಅಡ್ಡಿಯಿಲ್ಲ ಎಂದು ಬಾಲರಾಜನ ತಲೆಯೊಳಗೆ ಯಾರೋ ಹೇಳಿದರು. ಅವನು ಹೆಗಲು ಕೊಟ್ಟು ನಡೆಯುತ್ತಿದ್ದ. ಕಾಲು ನಡೆಯುತ್ತಿತ್ತು, ಅವನು ನಡೆಯುತ್ತಿರಲಿಲ್ಲ. ಎರಡು ಸಲ ಮುಗ್ಗರಿಸಿದ. ಚಟ್ಟ ಓಲಾಡಿತು. "ಪಾಪ, ತಡಕಂಡಿಲ್ಲ," ಎಂದರು ಹಿಂದಿನವರು.

ಅವರ ಹಳೆಯ ಸಮಾಧಿ ಜಾಗ ಈಗ ದೊಡ್ಡ ಅಪಾರ್ಟ್‌ಮೆಂಟ್ ಒಂದರ ಕಾಂಪೌಂಡಿಗೆ ಅಂಟಿಕೊಂಡ ಪಟ್ಟಿ. ಗೋಡೆಯ ಆ ಕಡೆ ಈಜುಕೊಳ, ಮಕ್ಕಳು ಧುಮುಕುವ ಸದ್ದು. ಈ ಕಡೆ ಬೇವಿನ ಮರ, ಎಕ್ಕದ ಗಿಡ, ಹೊಸದಾಗಿ ತೋಡಿದ ಕೆಮ್ಮಣ್ಣಿನ ರಾಶಿ. ರಸ್ತೆಯ ಅಂಚಿನಲ್ಲಿ ಕಂಪನಿಯ ಕ್ಯಾಬ್ ಆಗಲೇ ಬಂದು ನಿಂತಿತ್ತು. ಬೀದಿಗೆ ಹೋಗಿ ವಿಚಾರಿಸಿಕೊಂಡು ಇಲ್ಲಿಗೇ ಬಂದಿರಬೇಕು. ಸೀಟನ್ನು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದುಕೊಂಡು, ತಮಟೆಗೂ ಪಟಾಕಿಗೂ ಜಗ್ಗದೆ ಅತಾವುಲ್ಲಾ ನಿದ್ದೆ ಹೋಗಿದ್ದ.

ಬಾಲರಾಜ್ ಅಂಗಿ ಬಿಚ್ಚಿ ಬೇವಿನ ಕೊಂಬೆಗೆ ಸಿಗಿಸಿದ. ಫೋನು ಅದರ ಜೇಬಿನಲ್ಲೇ ಉಳಿಯಿತು. ಇಬ್ಬರು ಕೈ ಹಿಡಿದು ಅವನನ್ನು ಗುಂಡಿಗೆ ಇಳಿಸಿದರು.

ಇಳಿದದ್ದೇ ತಡ, ಸದ್ದು ಕಡಿಮೆಯಾಯಿತು. ತಮಟೆ ಮೇಲೆಲ್ಲೋ ಉಳಿಯಿತು. ಗುಂಡಿ ಅವನ ತಲೆಗಿಂತ ಆಳವಿತ್ತು. ಗೋಡೆಗಳಿಂದ ಹಸಿ ಮಣ್ಣಿನ ತಂಪು. ಬರಿಗಾಲಿನ ಅಡಿ ಮೆತ್ತಗೆ. ಕಿಟಕಿಯಿಲ್ಲ. ಪರದೆಯಿಲ್ಲ. ಇಷ್ಟು ಒಳ್ಳೆಯ ಕೋಣೆಯನ್ನು ಅವನು ಬಹಳ ದಿನಗಳಿಂದ ಕಂಡಿರಲಿಲ್ಲ.

"ಇಸ್ಕೊಳಪ್ಪಾ, ಮೆತ್ತಗೆ. ತಲೆ ದಕ್ಷಿಣಕ್ಕೆ."

ದೊಡ್ಡಮುನಿಯಮ್ಮ ಅವನ ತೋಳಿಗೆ ಬಂದಳು. ಫ್ರೀಜರಿನ ತಣುಪು ಇನ್ನೂ ಅವಳ ಮೈಯಲ್ಲಿತ್ತು. ಅವಳನ್ನು ಮಲಗಿಸಿದ. ಹೆಣದ ಮೇಲೆ ಒಂದು ಗಂಟೂ ಉಳಿಯಬಾರದು ಎಂದು ಮೇಲಿನಿಂದ ಹೇಳಿಕೊಟ್ಟರು. ಕಾಲಿನ ಹೆಬ್ಬೆರಳುಗಳನ್ನು ಕಟ್ಟಿದ್ದ ದಾರ ಬಿಚ್ಚಿದ. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಅವನ ಕೈಬೆರಳುಗಳು ಜಡವಾಗಿದ್ದವು, ಮಾತು ಕೇಳುತ್ತಿರಲಿಲ್ಲ. ಕೊನೆಯ ಗಂಟು ಬಿಚ್ಚಲು ಅವನು ಮಂಡಿಯೂರಬೇಕಾಯಿತು. ಮಂಡಿಯೂರಿದ್ದವನು ಕೂತ. ಕೂತವನು ಮಣ್ಣಿನ ಗೋಡೆಗೆ ಒರಗಿದ.

ಅಷ್ಟರಲ್ಲಿ ಮೇಲೆ, ಬೇವಿನ ಕೊಂಬೆಯಲ್ಲಿ, ಅಂಗಿ ಕೂಗತೊಡಗಿತು.

"ಯಾರ್ದೋ ಫೋನು." "ಇವನ್ದೇ ಕಣ್ಲಾ." "ಎತ್ತು ಎತ್ತು, ಈ ಒತ್ನಲ್ಲಿ ಬಡ್ಕಂತದೆ." ಯಾರೋ ಎತ್ತಿದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಗುಂಡಿಯ ಅಂಚಿಗೆ ಬಂದರು.

"ಬಾಲಣ್ಣಾ, ಯಾರೋ ಗೌತಮಿ ಅಂತೆ. ನಾಲ್ಕನೇ ಬೆಡ್ಡು ಅಂತವ್ರೆ. ನಿಂಗೇ ಯೋಳ್ಬೇಕಂತೆ. ಅರ್ಜೆಂಟಂತೆ. ಬಾ ಮೇಲೆ."

ಬಾಲರಾಜ್ ತಲೆಯೆತ್ತಿ ನೋಡಿದ. ನಾಲ್ಕೂ ಕಡೆಯಿಂದ ಮುಖಗಳು ಬಾಗಿ ಅವನನ್ನು ನೋಡುತ್ತಿದ್ದವು. ಹಿಂದೆ ಬಿಳಿ ಆಕಾಶವಿದ್ದುದರಿಂದ ಮುಖಗಳಲ್ಲಿ ಕಣ್ಣು ಮೂಗು ಇರಲಿಲ್ಲ. ಎರಡು ಕೈಗಳು ಅವನ ಕಡೆಗೆ ಇಳಿದು ಬಂದು ಕಾದವು. ಒಂದು ಕೈ ಎತ್ತಿದರೆ ಸಾಕಿತ್ತು. ಎತ್ತುತ್ತೇನೆ ಎಂದುಕೊಂಡ. ಎತ್ತಿದೆ ಎಂದೂ ಅನಿಸಿತು.

"ಬಾಲಾ. ಏ ಬಾಲಾ. ಬತ್ತೀಯೋ ಇಲ್ವೋ?"

ಹಿಂದಿನ ಸಾಲಿನಲ್ಲಿ, ಗುಂಡಿಯೊಳಗೆ ಬಾಲರಾಜ್ ಇನ್ನೂ ಇರುವುದು ಕಾಣದ ಯಾರೋ ಒಬ್ಬರು, ಎಲ್ಲ ಮುಗಿಯಿತೆಂದುಕೊಂಡು, ತಮ್ಮ ಪಾಲಿನ ಹಿಡಿ ಮಣ್ಣನ್ನು ಒಳಕ್ಕೆ ಹಾಕಿದರು.

ಅದು ಬಾಲರಾಜನ ಎದೆಯ ಮೇಲೆ ಬಿತ್ತು. ದಿನವಿಡೀ ಬಿಸಿಲು ಕಾಸಿಕೊಂಡ ಮಣ್ಣು, ಬೆಚ್ಚಗಿತ್ತು. ಅವನು ಅದನ್ನು ಕೊಡವಲಿಲ್ಲ. ಕಣ್ಣು ಮುಚ್ಚಿಕೊಂಡೇ, ಜಾರಿ ಹೋಗುತ್ತಿದ್ದ ಮಣ್ಣನ್ನು ಎರಡೂ ಕೈಗಳಿಂದ ಕುತ್ತಿಗೆಯ ತನಕ ಎಳೆದುಕೊಂಡ.